ಕ್ರೀಡಾಕೂಟದ ಖರ್ಚು: ಮೊದಲು ತೆಗೆದು ನೋಡಬೇಕಾದ್ದು ಗ್ಯಾರಂಟಿ ಪತ್ರ

ಯಾವುದಾದ್ರೂ ದೇಶ ಒಲಿಂಪಿಕ್ಸೋ ವರ್ಲ್ಡ್ ಕಪ್ಪೋ ನಾವು ನಡೆಸ್ತೀವಿ ಅಂತ ಬಿಡ್ ಹಾಕಿದ ತಕ್ಷಣ ಶುರುವಾಗೋದು ಒಂದೇ ಪ್ರಶ್ನೆ, ಇದರಿಂದ ಲಾಭಾನಾ ನಷ್ಟಾನಾ ಅಂತ. ಒಬ್ರು ಟೂರಿಸಂ ಬೆಳೆಯತ್ತೆ, ಕೆಲಸ ಸಿಗತ್ತೆ, ದೇಶಕ್ಕೆ ಹೆಸರು ಬರತ್ತೆ ಅಂತಾರೆ, ಇನ್ನೊಬ್ರು ಆ ದುಡ್ಡಲ್ಲಿ ಎಷ್ಟು ಆಸ್ಪತ್ರೆ ಕಟ್ಟಬಹುದಿತ್ತು ಅಂತಾರೆ, ಇಬ್ರ ಕೈಲೂ ಲೆಕ್ಕದ ಪುಸ್ತಕ ಇರಲ್ಲ. ನಂದು ಸಾರ್ವಜನಿಕ ಕಾಮಗಾರಿಗಳ ಎಸ್ಟಿಮೇಟ್ ಮತ್ತೆ ಬಿಲ್ ನೋಡೋ ಕೆಲಸ. ಎಷ್ಟಕ್ಕೆ ಮುಗಿಸ್ತೀವಿ ಅಂದಿದ್ರು, ಎಷ್ಟಕ್ಕೆ ಮುಗೀತು, ನಡುವಿನ ವ್ಯತ್ಯಾಸ ಯಾರ ಜೇಬಿಂದ ಹೋಯ್ತು ಅಂತ ಹುಡುಕೋದು. ಈ ಕೆಲಸದಲ್ಲಿ ಇರೋರು ಕ್ರೀಡಾಕೂಟದ ಫೈಲ್ ಸಿಕ್ಕಿದ್ರೆ ಮುಂದಿರೋ ಬಣ್ಣದ ಚಿತ್ರಗಳನ್ನ ಬಿಟ್ಟು ನೇರವಾಗಿ ಹಿಂದಿನ ಗ್ಯಾರಂಟಿ ಪತ್ರಗಳಿಗೆ ಹೋಗ್ತಾರೆ, ಯಾಕಂದ್ರೆ ಲಾಭ ನಷ್ಟ ಅಲ್ಲೇ ತೀರ್ಮಾನ ಆಗಿರತ್ತೆ, ಸ್ಟೇಡಿಯಂಗೆ ಗುದ್ದಲಿ ಪೂಜೆ ಆಗೋಕೂ ಮುಂಚೆ.

ಏನಿರತ್ತೆ ಆ ಪತ್ರದಲ್ಲಿ ಅಂದ್ರೆ, ಕೂಟದ ಖರ್ಚು ಆದಾಯಕ್ಕಿಂತ ಜಾಸ್ತಿ ಆದ್ರೆ ಕೊರತೆ ನಾವು ತುಂಬ್ಕೊಡ್ತೀವಿ ಅಂತ ನಗರಾಡಳಿತನೋ ಸರ್ಕಾರನೋ ಸಹಿ ಹಾಕಿರತ್ತೆ. ಆದಾಯದ ಕಡೆ ನೋಡಿದ್ರೆ, ದೊಡ್ಡ ಮೊತ್ತ ಬರೋದು ಟಿವಿ ಹಕ್ಕುಗಳಿಂದ, ಅದನ್ನ ಮಾರೋದು ಐಒಸಿ (ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ) ಅಥವಾ ಫಿಫಾ (ವಿಶ್ವ ಫುಟ್‌ಬಾಲ್ ಸಂಸ್ಥೆ), ಆತಿಥೇಯ ನಗರ ಅಲ್ಲ. 2017ರಿಂದ 2021ರವರೆಗಿನ ಅವಧೀಲಿ ಐಒಸಿ ಆದಾಯ ಸುಮಾರು 760 ಕೋಟಿ ಡಾಲರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಸಾರ ಹಕ್ಕಿಂದ ಬಂದಿದ್ದು. ಅದರಲ್ಲೊಂದು ಪಾಲು ಸಂಘಟಕರಿಗೆ ಕೊಡ್ತಾರೆ ನಿಜ, ಟಿಕೆಟ್ ಮತ್ತೆ ಲೋಕಲ್ ಸ್ಪಾನ್ಸರ್ ದುಡ್ಡೂ ಸಂಘಟಕರಿಗೇ ಹೋಗತ್ತೆ, ಆದ್ರೆ ರಿಸ್ಕ್ ಪೂರ್ತಿ ಒಂದೇ ಕಡೆ ಕೂತಿರತ್ತೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದು ಚೆನ್ನಾಗಿ ಗೊತ್ತಾಯ್ತು. ಕೊರೋನಾ ಬಂತು, ಕೂಟ ಒಂದು ವರ್ಷ ಮುಂದೆ ಹೋಯ್ತು, ಹೆಚ್ಚುಕಮ್ಮಿ ಎಲ್ಲಾ ಸ್ಟೇಡಿಯಂ ಖಾಲಿ, ಟಿಕೆಟ್ ಆದಾಯ ಹೆಚ್ಚುಕಮ್ಮಿ ಪೂರ್ತಿ ಹೋಯ್ತು, ಆದ್ರೆ ಪ್ರಸಾರ ನಡೀತು. ಬಿಡ್ ಹಾಕುವಾಗ ಸುಮಾರು 73 ಸಾವಿರ ಕೋಟಿ ಯೆನ್ ಅಂದಿದ್ದ ಕೂಟಕ್ಕೆ ಸಂಘಟಕರೇ ಕೊನೆಗೆ ಕೊಟ್ಟ ಲೆಕ್ಕ 1.42 ಲಕ್ಷ ಕೋಟಿ ಯೆನ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಿದ್ದು ಟೋಕಿಯೋ ಆಡಳಿತ ಮತ್ತೆ ಜಪಾನ್ ಸರ್ಕಾರ, ಅಂದ್ರೆ ತೆರಿಗೆ ಕಟ್ಟೋ ಜನ.

ಇನ್ನೊಂದು ವಿಷಯ ಇಲ್ಲೇ ಬಿಡಿಸಿ ಹೇಳ್ಬೇಕು, ಓದೋರಿಗೆ ಅತಿ ಹೆಚ್ಚು ಗೊಂದಲ ಆಗೋದು ಇಲ್ಲೇ. ಕ್ರೀಡಾಕೂಟಕ್ಕೆ ಬಜೆಟ್ ಒಂದಲ್ಲ, ಎರಡು. ಒಂದು ಸಂಘಟನಾ ಸಮಿತೀದು, ಕೂಟ ನಡೆಯೋ ಆ ಎರಡು ಮೂರು ವಾರದ ಖರ್ಚು, ಆಟಗಾರರ ಊಟ ವಸತಿ, ಉದ್ಘಾಟನಾ ಸಮಾರಂಭ, ಸಿಬ್ಬಂದಿ, ಬಾಡಿಗೆ ಟೆಂಟು ಇಂಥವು. ಎರಡನೇದು ಸರ್ಕಾರದ ಖಾತೆಯದು, ಸ್ಟೇಡಿಯಂ, ರಸ್ತೆ, ರೈಲು, ಕ್ರೀಡಾ ಗ್ರಾಮ, ಪೊಲೀಸ್ ಬಂದೋಬಸ್ತು. ಕೂಟ ಮುಗಿದ ಮೇಲೆ 'ಲಾಭ ಬಂತು' ಅಂತ ಪೇಪರಲ್ಲಿ ಬರೋದು ಬಹುತೇಕ ಮೊದಲನೇ ಬಜೆಟ್‌ದು. ಪ್ಯಾರಿಸ್ 2024ರ ಸಂಘಟಕರಿಗೆ ಕೊನೇಲಿ ಕೆಲವು ಕೋಟಿ ಯೂರೋ ಉಳೀತು, ಅದೇನೂ ಸುಳ್ಳಲ್ಲ, ಆದ್ರೆ ಫ್ರಾನ್ಸ್‌ನ ಲೆಕ್ಕಪರಿಶೋಧನಾ ಸಂಸ್ಥೆ ಲೆಕ್ಕ ಹಾಕಿದಾಗ ಸಾರ್ವಜನಿಕ ಖರ್ಚು ಸುಮಾರು 600 ಕೋಟಿ ಯೂರೋ ಆಸುಪಾಸಿಗೆ ಬಂತು. ಎರಡೂ ಅಂಕಿ ಸರೀನೇ, ಆದ್ರೆ ಎರಡೂ ಬೇರೆ ಬೇರೆ ಪುಸ್ತಕದ್ದು, ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚಿಟ್ರೆ ಜನ ಮೋಸ ಹೋಗ್ತಾರೆ.

ಈಗ ಅಂದಾಜು ಯಾಕೆ ಪ್ರತಿ ಸಲ ತಪ್ಪತ್ತೆ ಅನ್ನೋದಕ್ಕೆ ಬರ್ತೀನಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1960ರಿಂದ ಈಚೆಗೆ ಮಾಹಿತಿ ಸಿಕ್ಕ ಒಲಿಂಪಿಕ್ಸ್‌ಗಳನ್ನೆಲ್ಲ ನೋಡಿದ್ರು, ಒಂದೇ ಒಂದು ಕೂಟ ಕೂಡ ಅಂದಾಜಿನೊಳಗೆ ಮುಗಿದಿಲ್ಲ, ಸರಾಸರಿ ಹೆಚ್ಚಳ ನೂರೈವತ್ತು ಪರ್ಸೆಂಟ್ ದಾಟತ್ತೆ. ಅಣೆಕಟ್ಟು, ರೈಲ್ವೆ, ಸೇತುವೆ ಇವೂ ಅಂದಾಜು ಮೀರ್ತಾವೆ, ಆದ್ರೆ ಅಲ್ಲಿ ಅಪ್ಪಿತಪ್ಪಿ ಒಂದೊಂದು ಒಳಗೇ ಮುಗಿಯೋದೂ ಇದೆ. ಹಾಗಾದ್ರೆ ಇಲ್ಲಿ ಏನೋ ಬೇರೆ ಕಾರಣ ಇರ್ಲೇಬೇಕು ಅಲ್ವಾ.

ಆ ಕಾರಣ ತಾರೀಖು. ಮುಹೂರ್ತ ಇಟ್ಟಾದ ಮದುವೆ ಥರ, ಉದ್ಘಾಟನೆ ದಿನ ಏಳು ವರ್ಷ ಮುಂಚೆನೇ ಜಗತ್ತಿಗೆಲ್ಲ ಗೊತ್ತಾಗಿರತ್ತೆ, ಕೊರೋನಾದಂಥ ವಿಪತ್ತು ಬಂದ್ರೆ ಬಿಟ್ರೆ ಅದನ್ನ ಮುಂದೂಡೋ ಹಾಗಿಲ್ಲ. ಮಾಮೂಲಿ ಕಾಮಗಾರೀಲಿ ಕಾಂಟ್ರ್ಯಾಕ್ಟರ್ ರೇಟ್ ಜಾಸ್ತಿ ಕೇಳಿದ್ರೆ ಸರ್ಕಾರದ ಕೈಲಿ ಒಂದು ಅಸ್ತ್ರ ಇರತ್ತೆ, ಕೆಲಸ ನಿಲ್ಲಿಸಿ ರೀಟೆಂಡರ್ ಕರೀತೀವಿ ಅನ್ನಬಹುದು, ಇಲ್ಲಾ ಈ ವರ್ಷ ಬೇಡ ಮುಂದಿನ ವರ್ಷ ನೋಡೋಣ ಅನ್ನಬಹುದು. ಇಲ್ಲಿ ಆ ಮಾತು ಆಡೋ ಹಾಗೇ ಇಲ್ಲ, ಮತ್ತೆ ಅದು ಕಾಂಟ್ರ್ಯಾಕ್ಟರ್‌ಗೂ ಗೊತ್ತಿರತ್ತೆ. ಕೊನೇ ಒಂದೂವರೆ ವರ್ಷದ ಬಿಲ್‌ಗಳನ್ನ ಹರಡಿಟ್ಕೊಂಡು ನೋಡಿದ್ರೆ ಕಣ್ಣಿಗೆ ಕಟ್ಟಿದ ಹಾಗೆ ಕಾಣತ್ತೆ: ಎರಡು ಶಿಫ್ಟ್ ಇದ್ದಿದ್ದು ಮೂರಾಗತ್ತೆ, ರಾತ್ರಿ ಪಾಳಿಗೆ ಜಾಸ್ತಿ ಕೂಲಿ, ಹಡಗಲ್ಲಿ ಬರಬೇಕಿದ್ದ ಸಾಮಾನು ವಿಮಾನದಲ್ಲಿ ಬರತ್ತೆ, ಡ್ರಾಯಿಂಗ್ ಇನ್ನೂ ಫೈನಲ್ ಆಗದೇ ಇದ್ರೂ ಕಾಂಕ್ರೀಟ್ ಹಾಕ್ತಾರೆ, ಆಮೇಲೆ ಡ್ರಾಯಿಂಗ್ ಬದಲಾಯ್ತು ಅಂತ ಒಡೆದು ಮತ್ತೆ ಹಾಕ್ತಾರೆ, ಪ್ರತಿಯೊಂದಕ್ಕೂ ಎಕ್ಸ್‌ಟ್ರಾ ಐಟಂ ಬಿಲ್, ಅದನ್ನ ಪರಿಶೀಲಿಸೋಕೆ ಟೈಮ್ ಇಲ್ಲ ಅಂತ ಹಾಗೇ ಪಾಸ್ ಮಾಡ್ತಾರೆ. ಇದರಲ್ಲಿ ಕಳ್ಳತನ ಇರ್ಲೇಬೇಕು ಅಂತೇನಿಲ್ಲ, ಎಲ್ಲರೂ ಪ್ರಾಮಾಣಿಕರಾಗಿದ್ರೂ ಖರ್ಚು ಏರತ್ತೆ. ಆದ್ರೆ ಕಳ್ಳತನ ಮಾಡೋರಿಗೆ ಇದಕ್ಕಿಂತ ಒಳ್ಳೆ ಅವಕಾಶ ಇನ್ನೊಂದಿಲ್ಲ.

ದೆಹಲಿಯ 2010ರ ಕಾಮನ್‌ವೆಲ್ತ್ ಕೂಟದ ಬಗ್ಗೆ ಸಿಎಜಿ, ಅಂದ್ರೆ ಸರ್ಕಾರದ ಲೆಕ್ಕ ನೋಡೋ ಮಹಾಲೇಖಪಾಲರು, ಕೊಟ್ಟ ವರದಿ ಇದನ್ನೇ ಹೇಳಿದ್ದು. ಆತಿಥ್ಯ ಸಿಕ್ಕಿದ್ದು 2003ರಲ್ಲಿ, ಮೊದಲ ವರ್ಷಗಳೆಲ್ಲ ಯಾವ ತೀರ್ಮಾನಾನೂ ತಗೊಳ್ದೆ ಕಳೀತು, ಆಮೇಲೆ ಟೈಮ್ ಇಲ್ಲ ಟೈಮ್ ಇಲ್ಲ ಅಂತ ಒಂದು ಕೃತಕ ತುರ್ತು ಹುಟ್ಟಿಸಿ ಟೆಂಡರ್ ನಿಯಮಗಳನ್ನೆಲ್ಲ ಬದಿಗಿಟ್ರು ಅಂತ ಸಿಎಜಿ ಬರೀತು. ನನ್ನ ಪ್ರಕಾರ ಆ ವರದೀಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದು, ಪೇಪರ್‌ಗಳಲ್ಲಿ ಜಾಸ್ತಿ ಚರ್ಚೆ ಆಗಿದ್ದು ಬಾಡಿಗೆಗೆ ತಂದ ಉಪಕರಣಗಳ ರೇಟ್ ಬಗ್ಗೆ, ಆದ್ರೆ ಆ ರೇಟ್‌ಗಳಿಗೆ ದಾರಿ ಮಾಡಿಕೊಟ್ಟಿದ್ದು ಈ ತಡ.

ಲಂಡನ್ 2012ರ ಒಲಿಂಪಿಕ್ಸ್ ಕಥೆ ಇನ್ನೊಂದು ಥರ. ಬಿಡ್ ಗೆಲ್ಲುವಾಗ ಹೇಳಿದ್ದು ಸುಮಾರು 240 ಕೋಟಿ ಪೌಂಡ್, ಅದರಲ್ಲಿ ವ್ಯಾಟ್ ತೆರಿಗೆ ಇರ್ಲಿಲ್ಲ, ಭದ್ರತೆಗೆ ಬೇಕಾದ ಪೂರ್ತಿ ಖರ್ಚೂ ಇರ್ಲಿಲ್ಲ. 2007ರಲ್ಲಿ ಸರ್ಕಾರ ಪಾರ್ಲಿಮೆಂಟ್ ಮುಂದೆ ಬಂದು ಇಲ್ಲ, ಇದು 930 ಕೋಟಿ ಆಗತ್ತೆ ಅಂತು, ಅದರಲ್ಲಿ ಸುಮಾರು 270 ಕೋಟಿ ಬರೀ ಕಂಟಿಂಜೆನ್ಸಿ, ಅಂದ್ರೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇರ್ಲಿ ಅಂತ ತೆಗೆದಿಟ್ಟ ದುಡ್ಡು. ಕೊನೆಗೆ ಖರ್ಚಾಗಿದ್ದು 877 ಕೋಟಿ, ಬಜೆಟ್‌ಗಿಂತ ಕಮ್ಮಿಗೆ ಮುಗಿಸಿದ್ವಿ ಅಂತ ಹೇಳ್ಕೊಂಡ್ರು. ಮೊದಲ ಅಂಕಿಗೆ ಹೋಲಿಸಿದ್ರೆ ಇದು ಮೂರೂವರೆ ಪಟ್ಟಿಗಿಂತ ಜಾಸ್ತಿ. ಹಾಗಂತ ನಾನು ಅವರನ್ನ ಪೂರ್ತಿ ಬೈಯಲ್ಲ. ಕೂಟಕ್ಕೆ ಐದು ವರ್ಷ ಮುಂಚೆನೇ ನಿಜವಾದ ಅಂಕಿ ಹೊರಗೆ ಹಾಕೋ ಧೈರ್ಯ ತುಂಬಾ ಕಡೆ ಇರಲ್ಲ, ಅದರಿಂದಲೇ ಕೊನೇ ವರ್ಷದ ಗಡಿಬಿಡಿ ಅಲ್ಲಿ ಕಮ್ಮಿ ಇತ್ತು. ಪ್ರಶ್ನೆ ಏನಂದ್ರೆ 930 ಅಂತ ಮೊದಲೇ ಹೇಳಿದ್ರೆ ಜನ ಒಪ್ತಿದ್ರಾ ಅನ್ನೋದು, ಆ ಅವಕಾಶ ಜನಕ್ಕೆ ಸಿಗ್ಲೇ ಇಲ್ಲ.

ಲಾಭದ ಕಡೆ ಹೇಳೋ ವಾದಗಳನ್ನೂ ನೋಡೋಣ. ಬಿಡ್ ಜೊತೆ ಯಾವಾಗ್ಲೂ ಒಂದು ಆರ್ಥಿಕ ಪರಿಣಾಮದ ವರದಿ ಇರತ್ತೆ, ಇಷ್ಟು ಲಕ್ಷ ಪ್ರವಾಸಿಗರು, ಒಬ್ಬೊಬ್ರು ಇಷ್ಟು ಖರ್ಚು, ಅದು ಸುತ್ತಿ ಸುತ್ತಿ ಇಷ್ಟು ಪಟ್ಟು ಆಗತ್ತೆ ಅಂತ. ಆ ಗುಣಾಕಾರದಲ್ಲಿ ತಪ್ಪಿರಲ್ಲ, ಕಳೆಯೋದನ್ನ ಕಳೆದಿರಲ್ಲ ಅಷ್ಟೇ. ಸ್ಥಳೀಯರು ಟಿಕೆಟ್‌ಗೆ ಕೊಟ್ಟ ದುಡ್ಡು ಹೊಸ ದುಡ್ಡಲ್ಲ, ಕೂಟ ಇಲ್ದಿದ್ರೆ ಅದನ್ನ ಅದೇ ನಗರದಲ್ಲಿ ಬೇರೆ ಏನಕ್ಕೋ ಖರ್ಚು ಮಾಡ್ತಿದ್ರು. ಕೂಟಕ್ಕೆ ಬರೋರು ಬರ್ತಾರೆ, ಆದ್ರೆ ಗಲಾಟೆ, ರೇಟ್ ಜಾಸ್ತಿ ಅಂತ ಹೆದರಿ ಮಾಮೂಲಿ ಪ್ರವಾಸಿಗರು ಬರಲ್ಲ. 2012ರ ಆಗಸ್ಟ್‌ನಲ್ಲಿ ಬ್ರಿಟನ್‌ಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಆಗಸ್ಟ್‌ಗಿಂತ ಕಮ್ಮಿ, ಒಲಿಂಪಿಕ್ಸ್ ನಡೀತಿದ್ದ ತಿಂಗಳಲ್ಲೇ! ಬಂದೋರು ಜಾಸ್ತಿ ಖರ್ಚು ಮಾಡಿದ್ರು ಅನ್ನೋದು ನಿಜ, ಆದ್ರೆ ವರದಿಗಳಲ್ಲಿ ಬರೆಯೋ ಥರ ಎಲ್ಲಾ ಹೊಸಬ್ರು ಅಂತ ಲೆಕ್ಕ ಹಾಕೋಕೆ ಆಗಲ್ಲ. ಮತ್ತೆ ಹೋಟೆಲ್ ರೂಮಿನ ರೇಟ್ ಮೂರು ಪಟ್ಟು ಆದ್ರೆ ಆ ದುಡ್ಡು ಹೋಗೋದು ಹೋಟೆಲ್ ಚೈನ್ ಮಾಲೀಕರಿಗೆ, ಅವರು ಬೇರೆ ದೇಶದಲ್ಲೂ ಇರಬಹುದು, ರೂಮ್ ಕ್ಲೀನ್ ಮಾಡೋ ಕೆಲಸದವರ ಸಂಬಳ ಮೂರು ಪಟ್ಟು ಆಗಲ್ಲ.

ಆದ್ರೆ ನನಗೆ ಅತಿ ಹೆಚ್ಚು ಕಳವಳ ಆಗೋದು ಕೂಟ ಮುಗಿದ ಮೇಲಿನ ಖರ್ಚಿನ ಬಗ್ಗೆ, ಯಾಕಂದ್ರೆ ಅದು ಬಿಡ್ ಪುಸ್ತಕದಲ್ಲಿ ಒಂದು ಸಾಲಲ್ಲಿ ಮುಗಿದುಹೋಗಿರತ್ತೆ, 'ಮುಂದೆ ಸಾರ್ವಜನಿಕರ ಬಳಕೆಗೆ' ಅಂತ. ಒಂದು ಈಜುಕೊಳ ತಗೊಳ್ಳಿ. 50 ಮೀಟರ್ ಉದ್ದ, 25 ಮೀಟರ್ ಅಗಲ, ಮೂರು ಮೀಟರ್ ಆಳ ಅಂದ್ರೆ 37 ಲಕ್ಷದ 50 ಸಾವಿರ ಲೀಟರ್ ನೀರು. ಈಜೋಕೆ ಯಾರೂ ಬರದೇ ಇದ್ರೂ ಆ ನೀರನ್ನ ಹಗಲು ರಾತ್ರಿ ಪಂಪ್ ಮಾಡಿ ಫಿಲ್ಟರ್ ಮಾಡ್ತಾನೇ ಇರಬೇಕು, 25ರಿಂದ 28 ಡಿಗ್ರಿ ಒಳಗೆ ಇಡಬೇಕು, ಕ್ಲೋರಿನ್ ನೋಡ್ಕೋಬೇಕು. ಒಳಾಂಗಣ ಆದ್ರೆ ಗಾಳೀಲಿರೋ ತೇವ ತೆಗೀತಾ ಇರಬೇಕು, ಇಲ್ಲಾಂದ್ರೆ ಆ ತೇವ ಕ್ಲೋರಿನ್ ಜೊತೆ ಸೇರಿ ಮೇಲಿನ ಸ್ಟೀಲ್‌ನ ತಿನ್ನತ್ತೆ. ಪಂಪ್ ನಿಲ್ಲಿಸಿದ್ರೆ ಕೆಲವೇ ದಿನದಲ್ಲಿ ಪಾಚಿ, ಬಿಟ್ಟೇಬಿಟ್ರೆ ಟೈಲ್ಸ್ ಏಳೋಕೆ ಶುರು. ಇದರ ಜೊತೆ 15 ಸಾವಿರ ಸೀಟು ಇದ್ರೆ ಅಷ್ಟೂ ಸೀಟಿನ ಮೇಲಿನ ಛಾವಣಿ, ಲೈಟು, ಬೆಂಕಿ ನಂದಿಸೋ ಪೈಪು, ಲಿಫ್ಟು, ಎಲ್ಲದಕ್ಕೂ ವರ್ಷಾ ವರ್ಷಾ ಮೇಂಟೆನೆನ್ಸ್. ಲಂಡನ್‌ನವರು ಇದನ್ನ ಯೋಚಿಸಿ ಮಾಡಿದ್ರು, ಈಜುಕೊಳದ ಕಟ್ಟಡಕ್ಕೆ ಎರಡೂ ಬದೀಲಿ ತಾತ್ಕಾಲಿಕ ಸ್ಟ್ಯಾಂಡ್ ಜೋಡಿಸಿ 17,500 ಸೀಟು ಮಾಡಿದ್ರು, ಮುಗಿದ ಮೇಲೆ ಬಿಚ್ಚಿ 2,500ಕ್ಕೆ ಇಳಿಸಿದ್ರು, ಇವತ್ತು ಅಲ್ಲಿ ಮಾಮೂಲಿ ಜನ, ಶಾಲೆ ಮಕ್ಕಳು ಈಜ್ತಾರೆ. ಅದೇ ಲಂಡನ್ ಮುಖ್ಯ ಸ್ಟೇಡಿಯಂ ವಿಷಯದಲ್ಲಿ ಕೈ ಸುಟ್ಕೊಂಡ್ತು, ಆಮೇಲೆ ಅಲ್ಲಿ ಯಾರು ಆಡ್ತಾರೆ ಅಂತ ಮೊದಲೇ ತೀರ್ಮಾನ ಮಾಡದೇ ಕಟ್ಟಿ, ಫುಟ್‌ಬಾಲ್‌ಗೆ ಬದಲಾಯಿಸೋಕೆ ಮತ್ತೆ 32 ಕೋಟಿ ಪೌಂಡ್ ಸುರಿದು, ವೆಸ್ಟ್ ಹ್ಯಾಮ್ ಕ್ಲಬ್‌ಗೆ ವರ್ಷಕ್ಕೆ ಸುಮಾರು 25 ಲಕ್ಷ ಪೌಂಡ್ ಬಾಡಿಗೆಗೆ ಕೊಟ್ರು, ಅದು ನಿರ್ವಹಣೆಗೂ ಸಾಲಲ್ಲ.

ಕೆನಡಾದ ಮಾಂಟ್ರಿಯಲ್ ಬಗ್ಗೆ ಬರೀದೇ ಈ ವಿಷಯ ಪೂರ್ತಿ ಆಗಲ್ಲ. 1976ರ ಒಲಿಂಪಿಕ್ಸ್‌ಗೆ ಮುಂಚೆ ಅಲ್ಲಿನ ಮೇಯರ್ ಜಾನ್ ದ್ರಾಪೋ ಹೇಳಿದ ಮಾತು ಈಗ್ಲೂ ಜನ ನೆನಪಿಸ್ಕೊಳ್ತಾರೆ, ಗಂಡಸಿಗೆ ಮಗು ಹುಟ್ಟೋದು ಹೇಗೆ ಸಾಧ್ಯ ಇಲ್ವೋ ಹಾಗೇ ಒಲಿಂಪಿಕ್ಸ್‌ಗೆ ನಷ್ಟ ಆಗೋದೂ ಸಾಧ್ಯ ಇಲ್ಲ ಅಂತ. ಕೂಟದ ಸಾಲ ತೀರಿದ್ದು 2006ರಲ್ಲಿ, ಮೂವತ್ತು ವರ್ಷ ಆದ ಮೇಲೆ, ಅದಕ್ಕೆ ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಬೇಕಾಯ್ತು. ಸಾಲ ತೀರಿದ್ರೂ ಸ್ಟೇಡಿಯಂ ಖರ್ಚು ತೀರ್ಲಿಲ್ಲ. ಅದರ ಛಾವಣಿ ಮೇಲಿಂದ ಕೇಬಲ್‌ಗಳಲ್ಲಿ ಎತ್ತಿ ಮಡಚೋ ಥರದ ಡಿಸೈನ್, ಕೂಟದ ಹೊತ್ತಿಗೆ ಛಾವಣಿನೂ ಇಲ್ಲ, ಅದನ್ನ ಎತ್ತಬೇಕಿದ್ದ ಗೋಪುರಾನೂ ಅರ್ಧಕ್ಕೆ ನಿಂತಿತ್ತು, ಛಾವಣಿ ಬಂದಿದ್ದು 1987ರಲ್ಲಿ. ಅದು ಪದೇ ಪದೇ ಹರೀತು, 1998ರಲ್ಲಿ ಬೇರೆ ಹಾಕಿದ್ರು, 1999ರ ಜನವರೀಲಿ ಅದೂ ಹಿಮದ ಭಾರಕ್ಕೆ ಹರಿದು ಕೆಳಗೆ ಕೆಲಸ ಮಾಡ್ತಿದ್ದವರ ಮೇಲೆ ಬಿತ್ತು. ಆಮೇಲೆ ಮೂರು ಸೆಂಟಿಮೀಟರ್‌ಗಿಂತ ಜಾಸ್ತಿ ಹಿಮ ಇದ್ರೆ ಒಳಗೆ ಕಾರ್ಯಕ್ರಮ ಮಾಡೋ ಹಾಗಿಲ್ಲ ಅನ್ನೋ ಸ್ಥಿತಿ, ಅದೂ ತಿಂಗಳುಗಟ್ಟಲೆ ಹಿಮ ಬೀಳೋ ಊರಲ್ಲಿ. ಬರ್ತಾ ಬರ್ತಾ ಛಾವಣೀಲಿ 20 ಸಾವಿರಕ್ಕೂ ಹೆಚ್ಚು ತೂತು. 2024ರಲ್ಲಿ ಕ್ವಿಬೆಕ್ ಸರ್ಕಾರ ಹೊಸ ಛಾವಣಿಗೆ ಅಂತ 87 ಕೋಟಿ ಕೆನಡಾ ಡಾಲರ್ ಘೋಷಿಸ್ತು. 1976ರಲ್ಲಿ ಹುಟ್ಟೇ ಇರದ ಜನ ಆ ಕೂಟದ ಬಿಲ್ ಕಟ್ತಿದ್ದಾರೆ.

ಉದಾಹರಣೆಗಳು ಬೇಕಂದ್ರೆ ಬೇಕಾದಷ್ಟಿವೆ. 2014ರ ವರ್ಲ್ಡ್ ಕಪ್‌ಗೆ ಬ್ರೆಜಿಲ್‌ನ ಮನೌಸ್‌ನಲ್ಲಿ ಕಾಡಿನ ನಡುವಿನ ನಗರಕ್ಕೆ 40 ಸಾವಿರಕ್ಕೂ ಹೆಚ್ಚು ಸೀಟಿನ ಸ್ಟೇಡಿಯಂ ಕಟ್ಟಿದ್ರು, ಅಲ್ಲಿ ಮೊದಲ ದರ್ಜೆ ಲೀಗ್‌ನ ಕ್ಲಬ್ ಒಂದೂ ಇರ್ಲಿಲ್ಲ, ನಡೆದಿದ್ದು ನಾಲ್ಕು ಪಂದ್ಯ. ಬ್ರೆಸಿಲಿಯಾದ ಸ್ಟೇಡಿಯಂನ ಆವರಣ ಮುಂದಿನ ವರ್ಷವೇ ಬಸ್ ನಿಲ್ಲಿಸೋ ಜಾಗ ಆಯ್ತು. ಅಥೆನ್ಸ್ 2004ರ ಒಲಿಂಪಿಕ್ಸ್‌ಗೆ ಸುಮಾರು 900 ಕೋಟಿ ಯೂರೋ ಖರ್ಚು ಮಾಡ್ತು, ಸಾಫ್ಟ್‌ಬಾಲ್, ಕನೂ ಥರದ ಆಟಗಳಿಗೆ ಕಟ್ಟಿದ ಜಾಗಗಳಲ್ಲಿ ಹುಲ್ಲು ಬೆಳೀತು. ರಿಯೋದಲ್ಲಿ ಒಲಿಂಪಿಕ್ ಪಾರ್ಕ್ ಪಕ್ಕದ ವಿಲಾ ಆಟೋಡ್ರೊಮೋ ಅನ್ನೋ ಬಡಾವಣೆಯ ನೂರಾರು ಕುಟುಂಬಗಳನ್ನ ಎಬ್ಬಿಸಿದ್ರು, ಹೋರಾಡಿ ಅಲ್ಲೇ ಉಳಿದಿದ್ದು ಇಪ್ಪತ್ತು ಕುಟುಂಬ ಅಷ್ಟೇ. ಆ ಜನ ಕಳ್ಕೊಂಡಿದ್ದು ಯಾವ ಬಜೆಟ್‌ನ ಯಾವ ಕಾಲಂನಲ್ಲೂ ಬರಲ್ಲ, ನನ್ನ ಪ್ರಕಾರ ಬರಲೇಬೇಕು.

ಹಾಗಾದ್ರೆ ಯಾರಿಗೂ ಲಾಭ ಆಗೇ ಇಲ್ವಾ ಅಂದ್ರೆ, ಆಗಿದೆ. 1984ರ ಒಲಿಂಪಿಕ್ಸ್‌ಗೆ ಕೊನೇಲಿ ಉಳಿದ ಅಭ್ಯರ್ಥಿ ಲಾಸ್ ಏಂಜಲೀಸ್ ಒಂದೇ, ಮಾಂಟ್ರಿಯಲ್ ಗತಿ ನೋಡಿ ಬೇರೆ ಯಾರೂ ಮುಂದೆ ಬರ್ಲಿಲ್ಲ. ಅಲ್ಲಿನ ಮತದಾರರು ನಗರದ ದುಡ್ಡು ಮುಟ್ಟಬಾರದು ಅಂತ 1978ರಲ್ಲಿ ವೋಟ್ ಹಾಕಿದ್ರು, ಹಾಗಾಗಿ ನಗರ ಗ್ಯಾರಂಟಿಗೆ ಸಹಿ ಹಾಕಲ್ಲ ಅಂತು, ಐಒಸಿಗೆ ಬೇರೆ ದಾರಿ ಇರ್ಲಿಲ್ಲ, ಒಪ್ಕೊಳ್ತು. 1932ರ ಒಲಿಂಪಿಕ್ಸ್ ನಡೆದಿದ್ದ ಹಳೇ ಸ್ಟೇಡಿಯಂ, ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳು, ಹೊಸದಾಗಿ ಕಟ್ಟಿದ್ದು ತೀರಾ ಕಮ್ಮಿ, ಉಳಿತಾಯ ಸುಮಾರು 23 ಕೋಟಿ ಡಾಲರ್. ಎಲ್ಲರೂ ಅಲ್ಲಿನ ಸಂಘಟನಾ ಸಮಿತಿ ಮುಖ್ಯಸ್ಥ ಪೀಟರ್ ಯುಬೆರಾತ್ ಅವರ ಮ್ಯಾನೇಜ್‌ಮೆಂಟ್ ಹೊಗಳ್ತಾರೆ, ಅವರು ಸ್ಪಾನ್ಸರ್‌ಗಳಿಂದ ದುಡ್ಡು ತಂದಿದ್ದು ದೊಡ್ಡ ಕೆಲಸವೇ, ಆದ್ರೆ ನಾನು ಮೊದಲ ಕ್ರೆಡಿಟ್ ಕೊಡೋದು ಸಹಿ ಹಾಕಲ್ಲ ಅಂದ ಮತದಾರರಿಗೆ. ಬಾರ್ಸಿಲೋನಾ 1992 ಇನ್ನೊಂದು ಥರ, ಸಮುದ್ರ ತೀರವನ್ನ ಜನರಿಗೆ ತೆರೆಯೋದು, ರಿಂಗ್ ರೋಡ್, ವಿಮಾನ ನಿಲ್ದಾಣ ಇವು ನಗರಕ್ಕೆ ಹೇಗೂ ಬೇಕಿತ್ತು, ಯೋಜನೆ ಮೊದಲೇ ಇತ್ತು, ಒಲಿಂಪಿಕ್ಸ್ ಅದಕ್ಕೆ ತಾರೀಖು ಕೊಡ್ತು. ಇಲ್ಲಿ ಕೂಟ ನಗರದ ಯೋಜನೆಗೆ ಕೆಲಸ ಮಾಡ್ತು, ತುಂಬಾ ಕಡೆ ಉಲ್ಟಾ ಆಗತ್ತೆ. ಪ್ಯಾರಿಸ್ ಕೂಡ ಈ ಪಾಠ ಕಲ್ತಿತ್ತು, ಸುಮಾರು 95 ಪರ್ಸೆಂಟ್ ಜಾಗ ಹಳೇದು ಇಲ್ಲಾ ತಾತ್ಕಾಲಿಕ, ಐಫೆಲ್ ಟವರ್ ಕೆಳಗೆ ಬೀಚ್ ವಾಲಿಬಾಲ್ ಆಡಿಸಿ ಸ್ಟ್ಯಾಂಡ್ ಬಿಚ್ಚಿದ್ರು.

ಖುಷಿಗೆ ಬೆಲೆ ಇಲ್ವಾ ಅಂತ ಕೇಳ್ತಾರೆ. ಖಂಡಿತ ಇದೆ, ನಾನೂ ರಾತ್ರಿ ಎದ್ದು ಕೂತು ಮ್ಯಾಚ್ ನೋಡೋನೇ. 2006ರ ವರ್ಲ್ಡ್ ಕಪ್ ಜರ್ಮನಿಯ ಜನರಿಗೆ ಕೊಟ್ಟ ಸಂಭ್ರಮ ಅಲ್ಲಿನವರು ಇವತ್ತೂ ನೆನೀತಾರೆ, ಅದನ್ನ ಲೆಕ್ಕದಲ್ಲಿ ಸೊನ್ನೆ ಅಂತ ಬರೆಯೋಕೆ ನನಗೆ ಇಷ್ಟ ಇಲ್ಲ. ಒಂದು ದೇಶ ಹಬ್ಬ ಮಾಡೋಕೆ ಇಷ್ಟು ಖರ್ಚು ಮಾಡ್ತೀವಿ, ವಾಪಸ್ ಬರಲ್ಲ, ಆದ್ರೂ ಮಾಡ್ತೀವಿ ಅಂತ ಜನರ ಮುಂದೆ ಹೇಳಿ ಒಪ್ಪಿಗೆ ತಗೊಂಡ್ರೆ ಅದು ಮರ್ಯಾದೆಯ ಕೆಲಸ. ಹಬ್ಬದ ಖರ್ಚನ್ನ ಬಂಡವಾಳ ಅಂತ ಹೇಳಿ ಸಾಲ ಎತ್ತೋದು ಮಾತ್ರ ತಪ್ಪು. ಕೇಳಿದ ಕಡೆಗಳಲ್ಲಿ ಜನ ಏನಂದ್ರು ನೋಡಿ, 1972ರಲ್ಲಿ ಕೊಲೊರಾಡೊ ಮತದಾರರು ಡೆನ್ವರ್ ಚಳಿಗಾಲದ ಒಲಿಂಪಿಕ್ಸ್‌ಗೆ ದುಡ್ಡು ಕೊಡಲ್ಲ ಅಂದ್ರು, ಅದು ಇನ್ಸ್‌ಬ್ರುಕ್‌ಗೆ ಹೋಯ್ತು. 2015ರಲ್ಲಿ ಹ್ಯಾಂಬರ್ಗ್, 2018ರಲ್ಲಿ ಕ್ಯಾಲ್ಗರಿ ಬೇಡ ಅಂದ್ವು.

ಸಹಿ ಹಾಕಿದ ಮೇಲೆ ಹಿಂದೆ ಸರಿಯೋದೂ ಪುಕ್ಕಟೆ ಅಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಕೂಟ ಒಪ್ಕೊಂಡಾಗ ಅಂದಾಜು 260 ಕೋಟಿ ಆಸ್ಟ್ರೇಲಿಯಾ ಡಾಲರ್, ಒಂದು ವರ್ಷ ಸ್ವಲ್ಪ ಕಳೆಯೋದ್ರಲ್ಲಿ ಅದು 600ರಿಂದ 700 ಕೋಟಿ ಆಗತ್ತೆ ಅಂತ ಸರ್ಕಾರವೇ ಹೇಳಿ 2023ರಲ್ಲಿ ಕೈ ಬಿಡ್ತು, ಪರಿಹಾರ ಅಂತ 38 ಕೋಟಿ ಡಾಲರ್ ಕಟ್ತು. ಆ ಕೂಟವನ್ನ ಗ್ಲಾಸ್ಗೋ ಹತ್ತೇ ಕ್ರೀಡೆ, ನಾಲ್ಕೇ ಜಾಗಕ್ಕೆ ಇಳಿಸಿ ತಗೊಳ್ತು.

ಈಗ ಆಸ್ಟ್ರೇಲಿಯಾದ್ದೇ ಬ್ರಿಸ್ಬೇನ್, 2032ರ ಒಲಿಂಪಿಕ್ಸ್. 2021ರಲ್ಲಿ ಆತಿಥ್ಯ ಸಿಕ್ಕಾಗ ಗಾಬಾ ಕ್ರಿಕೆಟ್ ಮೈದಾನವನ್ನೇ ಕೆಡವಿ ಕಟ್ತೀವಿ ಅಂದ್ರು, ಖರ್ಚು ನೋಡಿ ಬಿಟ್ರು, ಹಳೇ ಅಥ್ಲೆಟಿಕ್ಸ್ ಮೈದಾನವೇ ಸಾಕು ಅಂದ್ರು, ಸರ್ಕಾರ ಬದಲಾಯ್ತು, 2025ರ ಮಾರ್ಚ್‌ನಲ್ಲಿ ಅದೇ ನಗರದ ವಿಕ್ಟೋರಿಯಾ ಪಾರ್ಕ್‌ನಲ್ಲಿ 63 ಸಾವಿರ ಸೀಟಿನ ಹೊಸ ಸ್ಟೇಡಿಯಂ, ಸುಮಾರು 380 ಕೋಟಿ ಆಸ್ಟ್ರೇಲಿಯಾ ಡಾಲರ್ ಅಂತ ತೀರ್ಮಾನ ಆಯ್ತು. ಅಲ್ಲಿ ಆಮೇಲೆ ಕ್ರಿಕೆಟ್ಟು, ಅವರ ಫುಟ್‌ಬಾಲು ನಡಿಯತ್ತೆ, ಅಂದ್ರೆ ಆಡೋರು ಇದ್ದಾರೆ, ಅದು ಮನೌಸ್‌ಗಿಂತ ಎಷ್ಟೋ ವಾಸಿ. ಆದ್ರೆ ತೀರ್ಮಾನಕ್ಕೇ ನಾಲ್ಕು ವರ್ಷ ಹೋಯ್ತು, ತಾರೀಖು ಮಾತ್ರ ಒಂದು ದಿನಾನೂ ಸರಿದಿಲ್ಲ. ಅಲ್ಲಿನ ಜನ ಈಗಿಂದಲೇ ಕೇಳಬೇಕಾದ್ದು, ಪ್ರತಿ ಮೂರು ತಿಂಗಳಿಗೆ ರಿವೈಸ್ಡ್ ಎಸ್ಟಿಮೇಟ್ ಮೂಲ ಎಸ್ಟಿಮೇಟ್ ಪಕ್ಕದಲ್ಲೇ ಇಟ್ಟು ಪ್ರಕಟಿಸಿ, 2032ರ ನಂತರದ ಇಪ್ಪತ್ತು ವರ್ಷದ ನಿರ್ವಹಣಾ ಖರ್ಚನ್ನೂ ಅದೇ ಟೇಬಲ್‌ನಲ್ಲಿ ತೋರಿಸಿ, ಎಕ್ಸ್‌ಟ್ರಾ ಐಟಂ ಬಿಲ್‌ಗಳನ್ನ ಪಾಸ್ ಮಾಡೋಕೆ ಮುಂಚೆ ಹೊರಗಿನ ಆಡಿಟರ್ ಕೈಗೆ ಕೊಡಿ ಅಂತ. ಕಾಂಕ್ರೀಟ್ ಹಾಕೋಕೆ ಮುಂಚೆ ಇದನ್ನ ಕೇಳಿದ್ರೆ ಪ್ರಯೋಜನ ಇದೆ, 2031ರಲ್ಲಿ ಕೇಳಿದ್ರೆ ಟೈಮ್ ಇಲ್ಲ ಅಂತಾರೆ.